ನಾಲ್ಕನೆಯ ಅಧ್ಯಾಯದ ನೀರುಗಂಟಿ

೨೦೨೨ನೆಯ ಇಸವಿ. ಆಗ ನನಗೆ ನಲವತ್ತೊಂಬತ್ತು ವರ್ಷ. ಪ್ರೌಢಶಾಲೆಯ ಕನ್ನಡ ಮೇಷ್ಟರ ಕೆಲಸವನ್ನು ಬಿಟ್ಟು, ಮಧುಗಿರಿಯ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಬೇರೆಯವರ ಹಸ್ತಪ್ರತಿಗಳನ್ನು ತಿದ್ದಿ ಅಚ್ಚಿಗೆ ಅಣಿಗೊಳಿಸುವ ಕೆಲಸವನ್ನು ಹಿಡಿದಿದ್ದೆ. ಆ ಜೂನ್ ತಿಂಗಳಿನಲ್ಲಿ ನಾಲ್ವರು ರಾಜ್ಯಶಾಸ್ತ್ರದ ಉಪನ್ಯಾಸಕರು ಒಟ್ಟಾಗಿ ಮೆಟ್ಟಿಲು ಹತ್ತಿ ಬಂದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ತಾಲ್ಲೂಕಿಗೊಬ್ಬರು. ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿ ಅಂತರರಾಷ್ಟ್ರೀಯ ಸಂಬಂಧಗಳನ್ನು ಕುರಿತ ಒಂದು ಕೈಪಿಡಿಯನ್ನು ತಾವೇ ಬರೆಯುವುದೆಂದೂ ಅದನ್ನು ನಾನು ಸಂಪಾದಿಸಿಕೊಡಬೇಕೆಂದೂ ಕೇಳಿದರು.

ನನಗೆ ಆ ವಿಷಯ ತಿಳಿಯದು ಎಂದು ಮೊದಲೇ ಹೇಳಿದೆ. ಮಧುಗಿರಿಯವರು ಹಿರಿಯರು, ನಾಲ್ವರ ಪೈಕಿ ಅವರೇ ಸಂಚಾಲಕರು. "ತಿಳಿಯದವರೇ ಬೇಕು. ನಿಮಗೆ ಅರ್ಥವಾದರೆ ನಮ್ಮ ಹುಡುಗರಿಗೂ ಅರ್ಥವಾಗುತ್ತೆ" ಎಂದರು.

ಕೆಲಸಕ್ಕೆ ಮೊದಲು ನಿಯಮ ಎಂಬುದು ನನ್ನ ಪದ್ಧತಿ. ಒಂದು ಹಾಳೆಯಲ್ಲಿ ಎಂಟು ನಿಯಮಗಳನ್ನು ಬರೆದು ನಾಲ್ವರ ಸಹಿಯನ್ನೂ ಪಡೆದೆ. ಪ್ರತಿಯೊಂದು ಅಧ್ಯಾಯವನ್ನೂ ನಾನು ಮೂರು ಬಾರಿ ಓದುವುದು: ಮೊದಲ ಓದು ಅರ್ಥಕ್ಕೆ, ಎರಡನೆಯದು ವಾಕ್ಯಕ್ಕೆ, ಮೂರನೆಯದು ಹೆಸರು ಮತ್ತು ಅಂಕಿಗಳಿಗೆ. ಪಾರಿಭಾಷಿಕ ಪದಗಳಿಗೆ ಬೇರೆಯೇ ಚೀಟಿಗಳು. ಇವು ಸಾಮಾನ್ಯ ನಿಯಮಗಳು. ಮೊದಲಿಗೆ ಲೆಕ್ಕಕ್ಕೆ ಬಂದವು ಎರಡೇ. ಐದನೆಯ ನಿಯಮ: ಆಧಾರವಿಲ್ಲದ ಯಾವ ಉದಾಹರಣೆಯೂ ಪುಸ್ತಕದಲ್ಲಿ ಇರಕೂಡದು. ಏಳನೆಯ ನಿಯಮ: ನಾಲ್ವರಲ್ಲಿ ಯಾರೇ ಒಬ್ಬರು ಲಿಖಿತವಾಗಿ ವಿರೋಧಿಸಿದರೂ ಆ ಭಾಗವನ್ನು ಕೈಬಿಡತಕ್ಕದ್ದು.

ಏಳನೆಯದನ್ನು ನಾನು ಯೋಚಿಸಿಯೇ ಬರೆದಿದ್ದೆ. ನಾಲ್ವರಲ್ಲಿ ಮೂವರು ಕಾಯಂ ನೌಕರರು. ಶಿರಾದವರು ಮಾತ್ರ ಅತಿಥಿ ಉಪನ್ಯಾಸಕರು, ವಯಸ್ಸಿನಲ್ಲಿಯೂ ಎಲ್ಲರಿಗಿಂತ ಕಿರಿಯರು. ಬಹುಮತವೆಂದು ಇಟ್ಟರೆ ಅವರ ಮಾತು ಎಂದಿಗೂ ನಡೆಯುವುದಿಲ್ಲ. ಒಬ್ಬೊಬ್ಬರಿಗೂ ತಡೆಯುವ ಹಕ್ಕನ್ನು ಕೊಟ್ಟರೆ ಎಲ್ಲರೂ ಸಮಾನರಾಗುತ್ತಾರೆ ಎಂದು ನನ್ನ ಎಣಿಕೆ.

ಪಾವಗಡದ ಉಪನ್ಯಾಸಕಿ ಹಾಳೆಯನ್ನು ಓದಿ ನಕ್ಕರು. ಅವರ ಊರು ವಳ್ಳೂರಿನ ಕಡೆ, ಮಾತಿಗೊಮ್ಮೆ ತೆಲುಗು ಇಣುಕುತ್ತಿತ್ತು. "ಏಂದಿ ಸಾರ್ ಇದು! ಪುಸ್ತಕ ಆಗೋಕೆ ಮುಂಚೇನೇ ಭದ್ರತಾ ಮಂಡಳಿ ಕಟ್ಟಿಬಿಟ್ರಿ ಕದಾ!"

ನಾನು ಅದನ್ನು ಹೊಗಳಿಕೆಯೆಂದು ತಿಳಿದೆ. ಭದ್ರತಾ ಮಂಡಳಿಯಲ್ಲಿ ಐದು ದೊಡ್ಡ ರಾಷ್ಟ್ರಗಳಿಗೆ ಯಾವ ನಿರ್ಣಯವನ್ನಾದರೂ ಒಂದೇ ಮತದಿಂದ ತಡೆಯುವ ಅಧಿಕಾರವಿದೆ ಎಂಬುದನ್ನು ನಾನು ವಿವರವಾಗಿ ತಿಳಿದದ್ದು ಅವರ ಅಧ್ಯಾಯವನ್ನು ತಿದ್ದುವಾಗ, ಜುಲೈ ತಿಂಗಳಿನಲ್ಲಿ.

ನಾಲ್ಕನೆಯ ಅಧ್ಯಾಯ ಶಿರಾದವರ ಪಾಲಿನದು. ಶೀರ್ಷಿಕೆ "ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಬಲದ ಹಂಚಿಕೆ." ಆ ವರ್ಷವೇ ಉಕ್ರೇನಿನ ಮೇಲೆ ಯುದ್ಧ ಆರಂಭವಾಗಿತ್ತು. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ, "ಇಷ್ಟೊಂದು ದೇಶಗಳಿವೆ, ಒಬ್ಬರೂ ಯಾಕೆ ನಿಲ್ಲಿಸಲ್ಲ ಸರ್?" ಎಂದು ಕೇಳಿದಳಂತೆ. ಅವಳಿಗೆ ಬಾಯಲ್ಲಿ ಹೇಳಿದ ಉತ್ತರವನ್ನೇ ಅವರು ಅಧ್ಯಾಯದ ನಡುವೆ ಬರೆದಿದ್ದರು. ಆ ಭಾಗವನ್ನು ಇಲ್ಲಿ ಕೊಡುತ್ತೇನೆ, ಏಕೆಂದರೆ ಮುಂದಿನ ಇಪ್ಪತ್ತು ತಿಂಗಳು ನಾವು ಹೆಣಗಾಡಿದ್ದು ಅದರ ಸುತ್ತಲೇ.

"ಕೆರೆಯ ಕೆಳಗಿನ ಎಲ್ಲ ಗದ್ದೆಗಳೂ ಒಂದೇ ಜಾಗದಲ್ಲಿ ಇರುವುದಿಲ್ಲ. ತೂಬಿನ ಬುಡದ ಗದ್ದೆಗೆ ನೀರು ಮೊದಲು, ಕಾಲುವೆಯ ತುದಿಯ ಗದ್ದೆಗೆ ಕೊನೆಗೆ. ಇಬ್ಬರದೂ ಒಂದೇ ಅಳತೆಯ ಭೂಮಿಯಾದರೂ ಇಬ್ಬರ ಬಲ ಒಂದೇ ಅಲ್ಲ. ರಾಷ್ಟ್ರಗಳೂ ಹೀಗೆಯೇ. ಆದರೆ ಕೆರೆಗೆ ಒಬ್ಬ ನೀರುಗಂಟಿ ಇರುತ್ತಾನೆ. ತೂಬನ್ನು ಎತ್ತುವವನೂ ಸರದಿಯ ಮೇಲೆ ನೀರು ತಿರುಗಿಸುವವನೂ ಅವನೇ. ಅವನಿಗೆ ಊರವರು ಮಾನ್ಯವಾಗಿ ಬಿಟ್ಟುಕೊಟ್ಟ ಹೊಲ ಕಾಲುವೆಯ ಕಟ್ಟಕಡೆಯಲ್ಲಿ. ಎಲ್ಲರ ಗದ್ದೆಯೂ ನೆನೆದ ಮೇಲೆಯೇ ಅವನ ಹೊಲಕ್ಕೆ ನೀರು. ಆದ್ದರಿಂದ ಅವನು ಕೊನೆಯವನನ್ನು ಮರೆಯುವಂತಿಲ್ಲ. ಜಗತ್ತಿಗೆ ಇಂಥ ನೀರುಗಂಟಿಯಿಲ್ಲ. ಏಕಧ್ರುವ ವ್ಯವಸ್ಥೆಯಲ್ಲಿ ತೂಬಿನ ಮೇಲೆ ಒಬ್ಬ ಕುಳಿತಿರುತ್ತಾನೆ, ದ್ವಿಧ್ರುವದಲ್ಲಿ ಇಬ್ಬರು, ಬಹುಧ್ರುವದಲ್ಲಿ ಹಲವರು. ಯಾವುದರಲ್ಲಿಯೂ ಕೊನೆಯ ಗದ್ದೆಯವನು ತೂಬಿನ ಮೇಲೆ ಇಲ್ಲ."

ಮೊದಲ ಓದಿನಲ್ಲಿಯೇ ನನಗೆ ವಿಷಯ ಅರ್ಥವಾಯಿತು. ಅದಕ್ಕೆ ಮೊದಲು ನಾಲ್ಕು ಪುಸ್ತಕಗಳನ್ನು ಓದಿದ್ದರೂ ಆಗಿರಲಿಲ್ಲ. ಬಲವೆಂಬುದು ಒಬ್ಬನಲ್ಲಿ ಎಷ್ಟಿದೆ ಎಂಬುದಲ್ಲ, ಯಾರಿಗೆ ಹೋಲಿಸಿದರೆ ಎಷ್ಟು ಎಂಬುದು. ಸೈನ್ಯ, ಸಂಪತ್ತು, ಜನಸಂಖ್ಯೆ, ನೆಲ ಇವುಗಳನ್ನು ಕೂಡಿಸಿದರೂ ಕೊನೆಗೆ ನಿಂತ ಜಾಗವೇ ಮುಖ್ಯ. ಹೀಗೆಂದು ಚೀಟಿಯಲ್ಲಿ ಬರೆದುಕೊಂಡೆ. ಆಮೇಲೆ ಮೂರನೆಯ ಓದಿನಲ್ಲಿ, ಪದ್ಧತಿಯಂತೆ, ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದೆ: "ಆಧಾರ?"

ಶಿರಾದವರು ಬಂದಾಗ ಆ ಪದವನ್ನು ನೋಡಿ ಸಂಕೋಚದಿಂದ ಹೇಳಿದರು. "ಆಧಾರ ಅಂದರೆ ನಮ್ಮಪ್ಪನೇ ಸರ್. ಮದಲೂರಿನ ಆಚೆ ನಮ್ಮೂರ ಸಣ್ಣ ಕೆರೆಗೆ ಅವರೇ ಕೊನೆಯ ನೀರುಗಂಟಿ. ಕೊನೇ ಹೊಲದ ವಿಷಯ ನಾನು ಹುಟ್ಟಿದಾಗಿನಿಂದ ಕೇಳಿದ್ದು."

"ಯಾರಾದರೂ ಬರೆದಿದ್ದಾರೆಯೆ?"

"ಇಲ್ಲ. ಅದಕ್ಕೇ ನಾನು ಬರೆದೆ." ಮತ್ತೆ ಹೇಳಿದರು. "ನಾನು ಕಾಲೇಜಿನಲ್ಲಿ ಏನು ಪಾಠ ಮಾಡ್ತೀನಿ ಅಂತ ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ ಸರ್. ಇದು ಅಚ್ಚಾದರೆ ಓದಿ ಹೇಳಬಹುದು ಅಂತ ಆಸೆ."

ಸಂಚಾಲಕರಿಗೆ ಫೋನ್ ಮಾಡಿದೆ. ಅವರು, "ಒಬ್ಬರ ಮನೆಯ ಮಾತನ್ನು ಶಾಸ್ತ್ರದ ಪುಸ್ತಕದಲ್ಲಿ ಹಾಕೋಕಾಗುತ್ತಾ?" ಎಂದರು. ಹಾಕಲಾಗದು ಎಂದು ನನಗೂ ತೋರಿತು. ಆದರೆ ಆ ಭಾಗವನ್ನು ಬಿಡಲು ಮನಸ್ಸು ಬರಲಿಲ್ಲ. ಆದ್ದರಿಂದ ಐದನೆಯ ನಿಯಮಕ್ಕೆ ಒಂದು ಉಪನಿಯಮವನ್ನು ಸೇರಿಸಿದೆ: ಮೌಖಿಕ ಮಾಹಿತಿಯಾದರೆ ಹೇಳಿದವರು ಸ್ವತಃ ಸಂಪಾದಕನ ಎದುರಿನಲ್ಲಿ ಹೇಳಿ, ನಕ್ಷೆಯನ್ನು ಗುರುತಿಸಿ, ಸಹಿ ಮಾಡಬೇಕು. ನಾಲ್ವರೂ ಒಪ್ಪಿದರು. ಇದಕ್ಕೆ ಆಗಸ್ಟ್ ತಿಂಗಳು ಪೂರ್ತಿ ಹಿಡಿಯಿತು.

ಗೌರಿ ಹಬ್ಬ ಕಳೆದ ಮೇಲೆ ಒಂದು ದಿನ ಬೆಳಗ್ಗೆ ಶಿರಾದವರು ತಂದೆಯನ್ನು ಕರೆದುಕೊಂಡು ಬಂದರು. ಎಪ್ಪತ್ತೈದು ದಾಟಿದ ಸಣಕಲು ಮನುಷ್ಯ. ಮೆಟ್ಟಿಲು ಹತ್ತಿದ ಆಯಾಸಕ್ಕೆ ಕಿಟಕಿಯ ಪಕ್ಕದಲ್ಲಿ ನಿಂತು ಬೆಟ್ಟವನ್ನು ನೋಡಿದರು.

"ಈ ಬೆಟ್ಟದ್ ಮ್ಯಾಗಿನ್ ನೀರೆಲ್ಲ ಎತ್ಲಾಗ್ ಹೋಗ್ತದೆ ಮೇಷ್ಟ್ರೇ?"

ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಬೆಟ್ಟದ ಬುಡದಲ್ಲಿದ್ದೇನೆ.

"ಗೊತ್ತಿಲ್ವಾ? ಇನ್ನೇನ್ ಕಲಿಸುದ್ರಿ ಹುಡ್ರಿಗೆ?" ಎಂದು ನಕ್ಕು ಕುಳಿತರು.

ನಾನು ಮಗನ ಅಧ್ಯಾಯವನ್ನು ಓದಿ ಹೇಳಿದೆ. ಭದ್ರತಾ ಮಂಡಳಿಯ ಐದು ರಾಷ್ಟ್ರಗಳ ವಿಷಯವನ್ನೂ ಹೇಳಿದಾಗ ಅವರು ಗಮನವಿಟ್ಟು ಕೇಳಿದರು.

"ಅಂಗಾದ್ರೆ ಆ ಐದು ಜನ ತೂಬಿನ್ ಮ್ಯಾಲೇ ಕುಂತವ್ರೆ ಅನ್ನಿ."

"ಹೌದು ಅಜ್ಜ."

"ಇಳೀರಿ ಅಂತ ಹೇಳಾರು?"

"ಇಳಿಯಬೇಕಾದರೂ ಆ ಐವರೇ ಒಪ್ಪಬೇಕು."

"ಬುಡಿ ಅತ್ಲಾಗೆ. ನಮ್ಮೂರೇ ವಾಸಿ" ಎಂದರು. ಮಗನೂ ನಕ್ಕರು. ತಂದೆಗೆ ತನ್ನ ಪಾಠ ತಿಳಿಯಿತಲ್ಲ ಎಂಬ ಸಂತೋಷ ಆ ಮುಖದಲ್ಲಿ ಕಾಣುತ್ತಿತ್ತು. ಆ ಮುಖವನ್ನು ಅಷ್ಟು ತಿಳಿಯಾಗಿ ನಾನು ಮತ್ತೆ ನೋಡಲಿಲ್ಲ.

ಉಪನಿಯಮದ ಪ್ರಕಾರ ನಕ್ಷೆಯಾಗಬೇಕಿತ್ತು. ಅವರಿಗೆ ಪೆನ್ನು ಹಿಡಿದು ಅಭ್ಯಾಸವಿರಲಿಲ್ಲ. ಶಾಲೆ ಬಿಟ್ಟರೂ ನನ್ನ ಮೇಜಿನಲ್ಲಿ ಸೀಮೆಸುಣ್ಣದ ಡಬ್ಬಿಯೊಂದು ಉಳಿದಿತ್ತು. ಅದನ್ನು ಮುಂದಿಟ್ಟೆ. ಅವರು ನೀರಿನ ಲೋಟವನ್ನು ಮೇಜಿನ ಒಂದು ತುದಿಯಲ್ಲಿ ಇಟ್ಟು, "ಇದು ಕೆರೆ" ಎಂದರು. ಬೆರಳನ್ನು ನೀರಿನಲ್ಲಿ ಅದ್ದಿ ಲೋಟದ ಬುಡದಿಂದ ಕಾಲುವೆಯ ಗೆರೆಯನ್ನು ಎಳೆದರು. ಅದರ ಎರಡೂ ಪಕ್ಕಗಳಲ್ಲಿ ಸೀಮೆಸುಣ್ಣದ ತುಂಡುಗಳನ್ನು ಜೋಡಿಸುತ್ತ ಹೋದರು. ಒಂದೊಂದಕ್ಕೂ ಒಡೆಯನ ಹೆಸರನ್ನು ಹೇಳಿದರು, ಅಳತೆಯನ್ನು ಹೇಳಿದರು. ನಾನು ಬರೆದುಕೊಂಡೆ. ಹನ್ನೊಂದು ತುಂಡುಗಳಾದವು.

"ನಿಮ್ಮ ಹೊಲವನ್ನು ಇಡಿ ಅಜ್ಜ" ಎಂದೆ.

ಅವರು ಹನ್ನೆರಡನೆಯ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಇದ್ದರು. ಆಮೇಲೆ ಅದನ್ನು ಲೋಟದ ಬುಡದಲ್ಲಿಯೇ, ಎಲ್ಲಕ್ಕಿಂತ ಮೊದಲು, ಇಟ್ಟರು.

"ಅಪ್ಪ, ನಮ್ಮದು ಕೊನೇಲಲ್ವಾ?" ಎಂದರು ಶಿರಾದವರು.

"ಮೊದ್ಲು ಕೊನೇಲಿತ್ತು ಕಣ್ಲಾ. ಆಮ್ಯಾಕೆ ಇಲ್ಲಿಗ್ ಬಂತು."

"ಅದು ಬೇರೆ ಗದ್ದೆ ಅಲ್ವಾ? ನೀನು ಕ್ರಯಕ್ಕೆ ತಗೊಂಡಿದ್ದು?"

"ನನ್ತಾವ ಎಲ್ಲಿತ್ಲಾ ಕ್ರಯಕ್ ತಗಳಾಕೆ?" ಎಂದು ಮಗನಿಗೆ ಹೇಳಿ, ಮುಂದಿನ ಮಾತನ್ನು ನನ್ನ ಕಡೆಗೆ ತಿರುಗಿ ಹೇಳಿದರು. "ಒಂದು ವರ್ಷ ಕೆರೆ ಅರ್ಧಕ್ಕೇ ನಿಂತ್ಬುಡ್ತು. ಮ್ಯಾಲಿನ್ ಗದ್ದೆಯೋರು ನಾಕ್ ಜನ ಮನೆತಾವ ಬಂದ್ರು. 'ದಿನಾ ಅಷ್ಟ್ ದೂರ ಯಾಕ್ ನಡೀತೀಯ, ತೂಬಿನ್ ಬುಡ್ದಾಗೇ ಹತ್ತು ಗುಂಟೆ ಕೊಡ್ತೀವಿ, ಕೊನೇದ್ನ ನಮಗ್ ಬುಟ್ಬುಡು' ಅಂದ್ರು. ಇವ್ನು ಆಗ ತೊಟ್ಲಾಗಿದ್ದ. ನಾನು ಹೂಂ ಅಂದ್ಬುಟ್ಟೆ."

"ಬೆದರಿಸಿದರಾ?" ಎಂದು ಕೇಳಿದೆ.

"ಬೆದರ್ಸಿದ್ರೆ ಒಪ್ತಿರ್ಲಿಲ್ಲ ಸಾಮಿ. ಒಳ್ಳೇ ಮಾತಾಡುದ್ರು." ಕಾಲುವೆಯ ತುದಿಯಲ್ಲಿದ್ದ ತುಂಡನ್ನು ಬೆರಳಿನಿಂದ ಮುಟ್ಟಿದರು. "ಅವತ್ನಿಂದ ನೀರು ಅರ್ಧಕ್ಕೇ ನಿಂತ್ರೂ ನಂಗೆ ಗೊತ್ತಾಗ್ತಿರ್ಲಿಲ್ಲ. ನನ್ನ ಹೊಲ ನೆಂದಿರ್ತಿತ್ತಲ್ಲ. ನಾನ್ ಬುಟ್ಟಿದ್ ಹೊಲದ್ ಮಗ್ಗುಲ್ದು ಈ ಕೊನೇ ಗದ್ದೆ ಒಣಗೋಯ್ತು. ಅದು ನಮ್ಮಕ್ಕಂದು."

ಮೇಜಿನ ಮೇಲೆ ಎಳೆದ ನೀರಿನ ಗೆರೆ ಆಗಲೇ ಅರ್ಧ ಆರಿತ್ತು.

ಅಕ್ಕ ಮತ್ತು ಭಾವ ಎರಡು ವರ್ಷ ಕಾದು, ಊರು ಬಿಟ್ಟು, ಗೊರವನಹಳ್ಳಿಯಲ್ಲಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಹೂವು-ಕಾಯಿಯ ಅಂಗಡಿ ಇಟ್ಟರು. ಭಾವ ತೀರಿಕೊಂಡರು, ಅಕ್ಕ ಇದ್ದಾರೆ. ಮದುವೆ, ಸಾವುಗಳಿಗೆ ಊರಿಗೆ ಬರುತ್ತಾರೆ. ತಮ್ಮನ ಮನೆಯ ಹೊಸ್ತಿಲನ್ನೂ ದಾಟುತ್ತಾರೆ. ಆದರೆ ಆ ಮನೆಯ ನೀರನ್ನು ಮಾತ್ರ ಕುಡಿಯುವುದಿಲ್ಲ. "ಒಂದ್ಸಲ ಉರಿಬಿಸ್ಲಾಗ್ ಬಂದ್ಲು. ಚೊಂಬು ತಂದು ಮುಂದಿಟ್ರೆ ಅದ್ನ ಹಿಂಗ್ ಸರಿಸಿದ್ಲು ಸಾಮಿ" ಎಂದು ಸೀಮೆಸುಣ್ಣದ ತುಂಡನ್ನು ಮೆಲ್ಲಗೆ ಸರಿಸಿ ತೋರಿಸಿದರು. ಮೂವತ್ತು ವರ್ಷಗಳ ಮೇಲಾಗಿತ್ತಂತೆ.

"ಇದ್ನ ಬರೀರಿ ಮೇಷ್ಟ್ರೇ. ನಾನ್ ಬಾಯಲ್ ಹೇಳುದ್ರೆ ಸಾಯೋ ಕಾಲ್ಕೆ ಬಂದು ಆಟ ಆಡ್ತಾನೆ ಅಂತಾಳೆ. ಅಚ್ಚಾಗಿದ್ರೆ ನಂಬ್ತಾಳೆ. ಇವನೇ ಓಗಿ ಓದ್ಲಿ."

ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದರು. ಮೆಟ್ಟಿಲು ಇಳಿಯುವ ಮುನ್ನ ತಿರುಗಿ ನಿಂತು ಇನ್ನೊಂದು ಮಾತು ಹೇಳಿದರು. "ಆ ನಿಮ್ ದೇಶಗಳ್ ವಿಚಾರ. ನೀರುಗಂಟಿ ಇಲ್ಲ ಅಂತ ಬರ್ದವ್ನೆ ಇವ್ನು. ಇದ್ರೂವೆ ಅವ್ನ ಹೊಲ ಎಲ್ಲೈತೆ ಅಂತ ನೋಡ್ಬೇಕು ಸಾಮಿ."

ಮಗ ನನ್ನ ಕಡೆ ನೋಡದೆ ತಂದೆಯ ಹಿಂದೆಯೇ ಮೆಟ್ಟಿಲು ಇಳಿದರು.

ನಾನು ಆ ಭಾಗಕ್ಕೆ ಎರಡು ಪಾಠಗಳನ್ನು, ಎಂದರೆ ಎರಡು ರೂಪಗಳನ್ನು, ಸಿದ್ಧಪಡಿಸಿದೆ. 'ಅ' ಪಾಠದಲ್ಲಿ ಮಗ ಬರೆದ ಹಾಗೆಯೇ, ಕೊನೆಯ ಹೊಲದ ನ್ಯಾಯವಂತ ನೀರುಗಂಟಿ. 'ಆ' ಪಾಠದಲ್ಲಿ ತಂದೆ ಹೇಳಿದ ಹಾಗೆ, ಜಾಗ ಬದಲಾದ ಹೊಲ. ಎರಡನ್ನೂ ನಾಲ್ವರಿಗೆ ಕಳುಹಿಸಿದೆ. 'ಅ' ಪಾಠವನ್ನು ಸಂಚಾಲಕರು ವಿರೋಧಿಸಿದರು. ಆ ಕೆರೆಯಲ್ಲಿ ಆ ಪದ್ಧತಿ ಉಳಿಯಲಿಲ್ಲವೆಂದು ಸಾಕ್ಷ್ಯವೇ ಹೇಳುವಾಗ ಅದನ್ನು ಹೇಗೆ ಅಚ್ಚು ಹಾಕುವುದು ಎಂಬ ಅವರ ಪ್ರಶ್ನೆ ಸರಿಯಾಗಿಯೇ ಇತ್ತು. 'ಆ' ಪಾಠಕ್ಕೆ ವಿರೋಧ ಶಿರಾದವರಿಂದಲೇ ಬಂತು, ಎರಡೇ ವಾಕ್ಯಗಳಲ್ಲಿ: "ಇದು ನನ್ನ ತಂದೆಯ ಮಾನದ ವಿಷಯ. ನಿಯಮ ಏಳರ ಅಡಿಯಲ್ಲಿ ವಿರೋಧಿಸುತ್ತೇನೆ."

ಕಿರಿಯರಿಗೆಂದು ನಾನು ಕೊಟ್ಟ ಹಕ್ಕನ್ನು ಅವರು ಮೊದಲ ಬಾರಿ ಬಳಸಿದ್ದು ತಮ್ಮ ತಂದೆಯ ಬಾಯಿಯನ್ನು ಮುಚ್ಚುವುದಕ್ಕೆ.

ಪಾವಗಡದವರು ಫೋನ್ ಮಾಡಿದರು. "ಸಾರ್, ಆ ತಾತ ಕೊಟ್ಟಿರೋದು ಚಿನ್ನದಂಥ ಪಾಠ. ನಮ್ಮ ಕಡೆ ನೋಡಿ, ಸೋಲಾರ್ ಹಲಗೆ ನಮ್ಮ ನೆಲದ ಮೇಲೆ, ಕರೆಂಟು ಎಲ್ಲಿಗೋ. ಯಾರ ಹೊಲ ಎಲ್ಲಿದೆ ಅಂತ ಕೇಳಿದೋರೇ ಇಲ್ಲ. ನೀವು ಆ ಹುಡುಗನ ಹತ್ತಿರ ಕೂತು ಮಾತಾಡಿ."

ಮಾತನಾಡಬಹುದಿತ್ತು. ಶಿರಾಕ್ಕೆ ಹೋಗಿ ಒಂದು ಮಧ್ಯಾಹ್ನ ಅವರ ಜೊತೆ ಕುಳಿತಿದ್ದರೆ ಸಾಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಮುದ್ರಣಾಲಯಕ್ಕೆ ಕೊಟ್ಟ ಮಾತಿನ ದಿನ ಹತ್ತಿರ ಬಂದಿತ್ತು, ನಿಯಮ ಸ್ಪಷ್ಟವಾಗಿತ್ತು, ಸಹಿಗಳು ಇದ್ದವು. ಎರಡೂ ಪಾಠಗಳನ್ನು ತೆಗೆದುಹಾಕಿ, ಆ ಜಾಗದಲ್ಲಿ ಏಕಧ್ರುವ, ದ್ವಿಧ್ರುವ, ಬಹುಧ್ರುವ ವ್ಯವಸ್ಥೆಗಳ ಲಕ್ಷಣಗಳನ್ನು ಮೂರು ಅಂಕಣಗಳ ಒಂದು ಕೋಷ್ಟಕವಾಗಿ ಹಾಕಿದೆ. ಕೋಷ್ಟಕ ತಪ್ಪಿಲ್ಲದೆ ಇತ್ತು. ಡಿಸೆಂಬರಿನಲ್ಲಿ ಪುಸ್ತಕ ಹೊರಬಂತು. ಅಚ್ಚಿನ ದೋಷ ಒಂದೂ ಇಲ್ಲವೆಂದು ಹಲವರು ಮೆಚ್ಚಿದರು.

ಅಜ್ಜನಿಗೆ ಇದನ್ನು ಹೇಳಿದವರಿಲ್ಲ. ಮಗ ಹೇಳಿರಲಿಲ್ಲ. ಅವರು ಎರಡು ವಾರಗಳಿಗೊಮ್ಮೆ ಪಕ್ಕದ ಮನೆಯವರ ಫೋನಿನಿಂದ ನನಗೆ ಕರೆ ಮಾಡುತ್ತಿದ್ದರು.

"ಅಚ್ಚಾಯ್ತಾ ಮೇಷ್ಟ್ರೇ?"

"ಪ್ರೆಸ್ಸಿಗೆ ಹೋಗಿದೆ ಅಜ್ಜ" ಎಂದೆ ನವೆಂಬರಿನಲ್ಲಿ. ಪುಸ್ತಕ ನಿಜವಾಗಿಯೂ ಹೋಗಿತ್ತು. ಜನವರಿಯಲ್ಲಿ, "ಬರುತ್ತೆ ಅಜ್ಜ, ಇನ್ನೊಂದು ಸಲ ಅಚ್ಚಾಗಬೇಕು" ಎಂದೆ. ಅದೂ ಅಕ್ಷರಶಃ ನಿಜ, ಪ್ರತಿಗಳು ಮುಗಿದರೆ ಮರುಮುದ್ರಣ ಆಗಲೇಬೇಕಿತ್ತು. ಒಂದೊಂದು ವಾಕ್ಯವೂ ನಿಜವಾಗಿರುವಂತೆ ಎಚ್ಚರಿಕೆಯಿಂದ ಕಟ್ಟಿದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಇಂಥ ಜಾಣತನವನ್ನು ಕಂಡಿದ್ದರೆ ಸೊನ್ನೆ ಕೊಡುತ್ತಿದ್ದೆ.

ಫೆಬ್ರವರಿಯ ಕೊನೆಯ ಕರೆಯಲ್ಲಿ ಅವರ ಧ್ವನಿ ತೆಳುವಾಗಿತ್ತು. "ಅವಸರ ಇಲ್ಲ ಬುಡಿ. ಅಕ್ಕ ಗಟ್ಯಾಗವ್ಳೆ. ನಾನೇ ಒಸಿ ಸುಸ್ತು."

೨೦೨೩ರ ಮಾರ್ಚ್ ತಿಂಗಳಿನಲ್ಲಿ, ಯುಗಾದಿಗೆ ಹತ್ತು ದಿನ ಮೊದಲು, ಅವರು ತೀರಿಕೊಂಡರು. ಸುದ್ದಿ ತಿಳಿದದ್ದು ಪಾವಗಡದವರಿಂದ. ನಾನು ಹೋಗಲಿಲ್ಲ. ಯಾವ ಮುಖದಿಂದ ಹೋಗುವುದೆಂದು ತಿಳಿಯಲಿಲ್ಲ.

ಜೂನ್ ಮೊದಲ ವಾರದಲ್ಲಿ ಶಿರಾದವರು ಒಬ್ಬರೇ ಬಂದರು. ತಲೆಗೂದಲು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಅಜ್ಜ ಕುಳಿತಿದ್ದ ಕುರ್ಚಿಯಲ್ಲಿಯೇ ಕುಳಿತು ಹೇಳಿದರು.

"ತಿಥಿಯ ದಿನ ಅತ್ತೆ ಬಂದಿದ್ದರು ಸರ್. ಬಿಸಿಲು ಅಂದ್ರೆ ಬಿಸಿಲು. ಎಲೆ ಮುಂದೆ ಕೂತರು, ಒಂದು ತುತ್ತು ತಿಂದರು. ನೀರು ಮುಟ್ಟಲಿಲ್ಲ. ಬಿಕ್ಕಳಿಕೆ ಬಂತು. ಆದರೂ ಮುಟ್ಟಲಿಲ್ಲ. ಪಕ್ಕದ ಮನೆಗೆ ಹೋಗಿ ಕುಡಿದು ಬಂದರು." ಮುಂದುವರಿಸಿದರು. "ಅಪ್ಪನ ಮಾನ ಉಳಿಸ್ತಿದ್ದೀನಿ ಅಂದುಕೊಂಡಿದ್ದೆ. ಅದು ಉಳಿದಿರಲೇ ಇಲ್ಲ. ಊರಿಗೆಲ್ಲ ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿರಲಿಲ್ಲ."

ಜೇಬಿನಿಂದ ಎರಡು ಹಾಳೆಗಳನ್ನು ತೆಗೆದರು. ನಾನು ಬರೆದಿದ್ದ 'ಆ' ಪಾಠವಲ್ಲ, ಅವರೇ ಮೊದಲಿನಿಂದ ಬರೆದದ್ದು. ಕೊನೆಯಲ್ಲಿ ಹೀಗಿತ್ತು: "ಮಧ್ಯಸ್ಥನಿಲ್ಲದ ವ್ಯವಸ್ಥೆಯಲ್ಲಿ ಬಲವಂತನ ಮಾತು ನಡೆಯುತ್ತದೆ. ಮಧ್ಯಸ್ಥನಿದ್ದಾಗ ಬಲವಂತನು ಮೊದಲು ಮಾಡುವ ಕೆಲಸ, ಅವನ ಹೊಲವನ್ನು ತೂಬಿನ ಬುಡಕ್ಕೆ ತರುವುದು. ಇದನ್ನು ತಿಳಿಸಿದವರು ನನ್ನ ತಂದೆ. ಅವರು ನೀರುಗಂಟಿಯಾಗಿದ್ದರು. ಒಣಗಿದ ಗದ್ದೆ ಅವರ ಅಕ್ಕನದು. ಅದು ತಪ್ಪೆಂದು ಅವರು ಹೇಳಿ ಹೆಬ್ಬೆಟ್ಟು ಒತ್ತಿದ್ದಾರೆ."

ಮೊದಲ ಪ್ರತಿಗಳು ಮುಗಿಯುತ್ತ ಬಂದಿದ್ದವು, ಮರುಮುದ್ರಣದ ಮಾತು ಎದ್ದಿತ್ತು. ಸಂಚಾಲಕರಿಗೆ ಹಾಳೆಗಳನ್ನು ಒಯ್ದು ಕೊಟ್ಟೆ. ಓದಿ ಹಿಂದಿರುಗಿಸಿದರು. "ಪಠ್ಯಪುಸ್ತಕ ತಪ್ಪೊಪ್ಪಿಗೆ ಮಾಡಿಕೊಳ್ಳೋ ಜಾಗವಲ್ಲ. ನನ್ನ ವಿರೋಧ ಬರೆದುಕೊಡ್ತೀನಿ."

"ಹಾಗಾದರೆ ಏಳನೆಯ ನಿಯಮವನ್ನು ನಾನು ತೆಗೆಯುತ್ತೇನೆ ಸರ್."

"ನೀವೊಬ್ಬರೇ ತೆಗೆಯೋಕಾಗಲ್ಲ ಮೇಷ್ಟ್ರೇ. ನಾಲ್ವರೂ ಒಪ್ಪಬೇಕು. ನೀವೇ ಎಂಟನೆಯ ನಿಯಮ ಬರೆದಿದ್ದೀರಿ, ನೋಡಿಕೊಳ್ಳಿ."

ನೋಡಿಕೊಂಡೆ. ಬರೆದಿದ್ದೆ. ಅಜ್ಜನಿಗೆ ನಾನು ಆ ಐವರ ವಿಷಯದಲ್ಲಿ ಹೇಳಿದ್ದೂ ಇದನ್ನೇ.

ಆಗ ನನ್ನ ಕೆಲಸದ ಬದುಕಿನಲ್ಲಿ ಎಂದೂ ಮಾಡದ ಒಂದನ್ನು ಮಾಡಿದೆ. ಕೆಂಪು ಶಾಯಿಯಲ್ಲಿ ಅಲ್ಲ, ಬಾಯಿಯಿಂದ ಹೇಳಿದೆ. ಸಂಚಾಲಕರ ಮನೆಯ ಜಗಲಿಯ ಮೇಲೆ ನಿಂತು ಫೋನ್ ಕರೆಗಳ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. "ಪ್ರೆಸ್ಸಿಗೆ ಹೋಗಿದೆ" ಎಂದದ್ದು. "ಇನ್ನೊಂದು ಸಲ ಅಚ್ಚಾಗಬೇಕು" ಎಂದದ್ದು. ಅವರು "ಅವಸರ ಇಲ್ಲ ಬುಡಿ" ಎಂದದ್ದು. "ಸಾಕ್ಷ್ಯ ಬೇಕೆಂದು ಆ ಮುದುಕರನ್ನು ಬಸ್ಸು ಹತ್ತಿಸಿ ಕರೆಸಿದವನು ನಾನು ಸರ್. ಅವರು ಕೊಟ್ಟ ಮೇಲೆ ಕೈಬಿಟ್ಟವನೂ ನಾನೇ. ಈ ಎರಡು ಹಾಳೆಗಳಿಲ್ಲದೆ ಮರುಮುದ್ರಣದ ಕೆಲಸ ನನ್ನಿಂದಾಗುವುದಿಲ್ಲ. ಬೇರೆಯವರಿಗೆ ಕೊಡಿ."

ಜುಲೈ ಒಂಬತ್ತರ ಭಾನುವಾರ ಸಭೆಯೆಂದು ನಾಲ್ವರಿಗೂ ತಿಳಿಸಿದೆ. ಆ ದಿನ ಬೆಳಗ್ಗೆ ಸಂಚಾಲಕರ ಫೋನ್ ಬಂತು. "ನಾನು ಬರೋಕಾಗಲ್ಲ. ಒಂದು ಮದುವೆಗೆ ಹೋಗಬೇಕು. ನೀವು ಮುಗಿಸಿಕೊಳ್ಳಿ."

ಈ ಮಾತನ್ನು ಸಭೆಗೆ ತಿಳಿಸಿದಾಗ ಪಾವಗಡದವರು ಹುಬ್ಬೇರಿಸಿದರು. "ಆಷಾಢದಲ್ಲಿ ಯಾರದಂಡೀ ಮದುವೆ?"

ಕೊರಟಗೆರೆಯವರು ಮಿತಭಾಷಿಗಳು. ವರ್ಷದಲ್ಲಿ ನಾಲ್ಕು ಮಾತು ಆಡಿದ್ದರೋ ಇಲ್ಲವೋ. ಅವರು ಕನ್ನಡಕವನ್ನು ಒರೆಸುತ್ತ, "ಗೈರುಹಾಜರಿ ವಿರೋಧವಲ್ಲ. ಭದ್ರತಾ ಮಂಡಳಿಯಲ್ಲೂ ಹಾಗೇ ನಡೆದುಕೊಂಡು ಬಂದಿದೆ. ಲಿಖಿತ ವಿರೋಧ ಇದೆಯೇ?" ಎಂದು ಕೇಳಿದರು.

ಇರಲಿಲ್ಲ. ಕೋಷ್ಟಕವನ್ನು ತೆಗೆದು ಎರಡು ಹಾಳೆಗಳನ್ನು ಸೇರಿಸಲು ಮೂವರೂ ಸಹಿ ಮಾಡಿದರು. ಸಂಚಾಲಕರನ್ನು ನಾನು ಆ 'ಮದುವೆ'ಯ ವಿಷಯವಾಗಿ ಎಂದೂ ಕೇಳಿಲ್ಲ.

ಮರುಮುದ್ರಣಕ್ಕೆ ಜನವರಿಯವರೆಗೂ ಹಿಡಿಯಿತು. ನಾಲ್ಕನೆಯ ಅಧ್ಯಾಯದ ಕರಡನ್ನು ನಾನು ಮೂರು ಬಾರಿಯಲ್ಲ, ಏಳು ಬಾರಿ ಓದಿದೆ. ಒಂದು ಅಕ್ಷರವನ್ನೂ ಬದಲಾಯಿಸಲಿಲ್ಲ.

ಪುಸ್ತಕ ಬಂದ ಮೇಲೆ ಶಿರಾದವರು ತಮ್ಮೂರಿನಿಂದ ಬೆಳಗಿನ ಬಸ್ಸಿಗೆ ಮಧುಗಿರಿಗೆ ಬಂದರು. ಅಲ್ಲಿಂದ ಇಬ್ಬರೂ ಕೊರಟಗೆರೆಯ ಮೇಲೆ ಗೊರವನಹಳ್ಳಿಗೆ ಹೋದೆವು. ಅವರ ಅತ್ತೆ ಅಂಗಡಿಯ ಮುಂದೆ ಗೋಣಿಚೀಲದ ಮೇಲೆ ಕುಳಿತು ಸೇವಂತಿಗೆ ಕಟ್ಟುತ್ತಿದ್ದರು. ಎಂಬತ್ತರ ಮೇಲಿನ ವಯಸ್ಸು, ಬೆರಳುಗಳು ಮಾತ್ರ ನಿಲ್ಲುತ್ತಿರಲಿಲ್ಲ.

"ಏನ್ಲಾ, ದಾರಿ ತಪ್ಪಿ ಬಂದ್ಯಾ?" ಎಂದರು ಸೋದರಳಿಯನನ್ನು ನೋಡಿ. "ಇವ್ರು ಯಾರು?"

"ನಮ್ಮ ಮೇಷ್ಟ್ರು ಅತ್ತೆ. ಒಂದು ಓದಿ ಹೇಳ್ತೀನಿ, ಕೇಳಿಸ್ಕೋ."

ಅವರು ಓದಿದರು. ಕಾಯಿ ಕೊಳ್ಳಲು ಬಂದ ದಂಪತಿಗಳನ್ನು ನಾನೇ ಪಕ್ಕದ ಅಂಗಡಿಗೆ ಕಳುಹಿಸಿದೆ. ಕೊನೆಯ ವಾಕ್ಯ ಮುಗಿದಾಗ ಅತ್ತೆಯ ಬೆರಳುಗಳು ನಿಂತಿದ್ದವು.

"ಇದ್ನ ಯಾವಾಗ್ ಹೇಳ್ದ?"

"ತೀರಿಕೊಳ್ಳೋಕೆ ಮುಂಚಿನ ಗೌರಿ ಹಬ್ಬ ಕಳೆದ ಮೇಲೆ."

"ಆಗ ಓಡಾಡ್ಕಂಡಿದ್ನಲ್ಲಾ."

"ಹೂಂ ಅತ್ತೆ."

"ಮತ್ತೆ ಬರ್ಬೋದಿತ್ತಲ್ಲಾ. ಒಂದ್ ಬಸ್ಸಿನ್ ದಾರಿ. ಬೈಯ್ತಿದ್ದೆ ಕಣ್ಲಾ, ಬೈದು ಸುಮ್ಕಾಗ್ತಿದ್ದೆ."

"ಅಚ್ಚಾಗಲಿ ಅಂತ ಕಾದ್ರು."

ಶಿರಾದವರು ಇಷ್ಟು ಹೇಳಿ ನೆಲವನ್ನು ನೋಡಿದರು. ಅವರು ನನ್ನ ಹೆಸರನ್ನು ಎತ್ತಲಿಲ್ಲ. ನಾನೇ ಹೇಳಿದೆ. "ತಡ ಮಾಡಿದವನು ನಾನಮ್ಮ."

"ಯಾಕಪ್ಪ?"

"ನಾನು ಒಂದು ನಿಯಮ ಬರೆದಿದ್ದೆ. ಅದನ್ನು ಮೀರೋಕೆ ಧೈರ್ಯ ಬರಲಿಲ್ಲ. ನನ್ನ ಪುಸ್ತಕ ಮುಗಿದಿತ್ತು, ಕೊನೆಯಲ್ಲಿ ಯಾರು ಕಾಯ್ತಿದ್ದಾರೆ ಅಂತ ನೋಡಲಿಲ್ಲ."

ಅವರು ನನ್ನನ್ನು ತುಸು ಹೊತ್ತು ದಿಟ್ಟಿಸಿದರು. ಕೋಪವಿರಲಿಲ್ಲ. "ನೀವೂ ನೀರುಗಂಟೀನೇ ಅನ್ನಿ" ಎಂದರು.

ಬಿಸಿಲು ಏರುತ್ತಿತ್ತು. ಸೋದರಳಿಯನ ಹೆಗಲ ಚೀಲದ ಪಕ್ಕದ ಜೇಬಿನಲ್ಲಿ ಒಂದು ನೀರಿನ ಬಾಟಲಿ ಇತ್ತು. ಅತ್ತೆಯ ಕಣ್ಣು ಅದರ ಮೇಲೆ ಹೋಯಿತು.

"ಅದು ಎಲ್ಲೀ ನೀರ್ಲಾ?"

"ಮನೇದು ಅತ್ತೆ."

ಅತ್ತೆ ಕೈ ಚಾಚಿದರು. ಮುಚ್ಚಳವನ್ನು ತಿರುಗಿಸಲು ಆಗಲಿಲ್ಲ, ಶಿರಾದವರು ತೆಗೆದುಕೊಟ್ಟರು. ಅತ್ತೆ ತಲೆಯನ್ನು ಮೇಲಕ್ಕೆತ್ತಿ, ತುಟಿಗೆ ತಾಗಿಸದೆ, ಎರಡು ಗುಟುಕು ಕುಡಿದರು. ಬಾಟಲಿಯನ್ನು ಹಿಂದಕ್ಕೆ ಕೊಡುತ್ತ, "ಸಪ್ಪಗೈತೆ" ಎಂದರು. ಆಮೇಲೆ ಸೆರಗಿನಿಂದ ಬಾಯಿಯನ್ನೂ, ಬಹಳ ಹೊತ್ತು ಕಣ್ಣುಗಳನ್ನೂ ಒರೆಸಿಕೊಂಡರು.

೨೦೨೪ನೆಯ ಇಸವಿ ಫೆಬ್ರವರಿ ೧೮, ಭಾನುವಾರ.